ಕೃಷಿ ಹೊಂಡ ತೋಡುವಾಗ ಬೂದಿ, ಕಲ್ಲಿನ ಕೊಡಲಿ ಸಿಕ್ಕಿವೆ. ಯಾರಿಗೆ ಹೇಳಬೇಕು, ಮುಂದೇನು ಮಾಡಬೇಕು?

ಮಸಾರಿ_ಹೊಲ (ಸಿರುಗುಪ್ಪ ತಾಲೂಕು)

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಗುಡ್ಡದ ಬುಡದ ಮಸಾರಿ ಹೊಲ. ಮಳೆ ಶುರುವಾಗುವ ಮುಂಚೆ ಕೃಷಿ ಹೊಂಡ ಮಾಡಿಸೋಣ ಅಂತ ಜೆಸಿಬಿ ಕರೆಸಿದೆವು. ಮೇಲೆ ಮೊಣಕಾಲುದ್ದ ಕೆಂಪು ಮಣ್ಣು ಬಂತು. ಅದರ ಕೆಳಗೆ ಬರೀ ಬೂದಿ. ನುಣ್ಣಗಿನ ಬಿಳಿ ಪುಡಿ, ಮಧ್ಯೆ ಮಧ್ಯೆ ತೂತು ತೂತಾದ ಹಗುರ ಉಂಡೆಗಳು, ಏನೋ ಕರಗಿ ಗಟ್ಟಿಯಾದ ಹಾಗಿವೆ. ಮೂಳೆ ಚೂರು, ದನದ ಹಲ್ಲು ಅನ್ನಿಸುವಂಥವು, ದಪ್ಪನೆಯ ಮಡಕೆ ಚೂರು, ಒಂದು ಬೀಸುವ ಕಲ್ಲಿನ ಅರ್ಧ. ಜೊತೆಗೆ ಕಪ್ಪು ಕಲ್ಲಿನ ಕೊಡಲಿಗಳು, ಒಂದು ತುದಿಯನ್ನು ಉಜ್ಜಿ ಚೂಪು ಮಾಡಿದ್ದಾರೆ. ಅಷ್ಟಕ್ಕೆ ಕೆಲಸ ನಿಲ್ಲಿಸಿದೆವು.

ಇಂಥ ಕಲ್ಲು ನಮಗೆ ಹೊಸದಲ್ಲ. ಅಪ್ಪ ರಂಟೆ ಹೊಡೆಯುವಾಗ ಸಿಕ್ಕಿದ್ದನ್ನೆಲ್ಲ ಹೊಲದ ಬೇವಿನ ಮರದ ಬುಡದಲ್ಲಿ ಇಡುತ್ತಿದ್ದರು, ಯುಗಾದಿಗೆ ಅದಕ್ಕೂ ಕುಂಕುಮ ಹಚ್ಚುತ್ತೇವೆ. ಆದರೆ ಈ ಬೂದಿ ಇಷ್ಟೊಂದು ಇದೆ ಅಂತ ಗೊತ್ತಿರಲಿಲ್ಲ.

ಈಗ ಮನೆಯಲ್ಲಿ ಜಗಳ. ತಮ್ಮ ಹೇಳೋದು, ಬೂದಿ ಒಳ್ಳೆ ಗೊಬ್ಬರ, ಹೊಲಕ್ಕೆ ಹರಡೋಣ, ಪಕ್ಕದವರೂ ಟ್ರ್ಯಾಕ್ಟರ್ ಲೋಡಿಗೆ ಇಷ್ಟು ಅಂತ ಕೊಡೋದಕ್ಕೆ ರೆಡಿ ಇದ್ದಾರೆ ಅಂತ. ಅದರ ಮೇಲೆ ಯಾರೋ ಒಬ್ಬ ಬೈಕಿನಲ್ಲಿ ಬಂದು ಕೊಡಲಿ ಕಲ್ಲು ಕೊಡ್ತೀರಾ, ದುಡ್ಡು ಕೊಡ್ತೀನಿ ಅಂದು ಹೋಗಿದ್ದಾನೆ. ಸರ್ಕಾರಕ್ಕೆ ತಿಳಿಸೋಣ ಅಂದರೆ ಊರಲ್ಲಿ ಎಲ್ಲರೂ ಹೆದರಿಸುತ್ತಾರೆ, ಹೊಲಕ್ಕೆ ಬೇಲಿ ಹಾಕ್ತಾರೆ, ಬಿತ್ತೋದಕ್ಕೂ ಬಿಡಲ್ಲ ಅಂತ. ನನಗೆ ನೀರೂ ಬೇಕು, ಇದನ್ನು ಹಾಳು ಮಾಡೋದಕ್ಕೂ ಮನಸ್ಸಿಲ್ಲ. ತಿಳಿದವರು ಹೇಳಿ.

ಗುಡ್ಡ_ಸುತ್ತಾಟ (ಹೊಸಪೇಟೆ)

ಅಣ್ಣಾ, ಜೆಸಿಬಿ ನಿಲ್ಲಿಸಿದಿರಲ್ಲ, ಅದಕ್ಕೇ ಮೊದಲು ಕೈ ಮುಗಿಯಬೇಕು. ನಾನು ಶಾಲೆ ಮೇಷ್ಟ್ರು, ರಜೆಯಲ್ಲಿ ಗುಡ್ಡ, ಹೊಲ ಸುತ್ತಿ ಹಳೆಯ ನೆಲೆಗಳನ್ನು ನೋಡಿ ಬರೆದಿಡುವುದು ನನ್ನ ಹವ್ಯಾಸ. ನೀವು ಹೇಳಿದ್ದನ್ನು ನೋಡಿದರೆ ಅದು ನವಶಿಲಾಯುಗದ ಬೂದಿ ದಿಬ್ಬದ ಭಾಗ ಅಂತ ಬಲವಾಗಿ ಅನ್ನಿಸುತ್ತದೆ. ಪಕ್ಕಾ ಹೇಳಬೇಕಾದವರು ಸ್ಥಳಕ್ಕೆ ಬಂದು ನೋಡುವ ಪುರಾತತ್ವದವರು.

ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ, ಅತ್ತ ಆಂಧ್ರ, ತೆಲಂಗಾಣದ ಗಡಿ ಜಿಲ್ಲೆಗಳಲ್ಲಿ ಇಂಥ ದಿಬ್ಬಗಳು ನೂರಕ್ಕೂ ಜಾಸ್ತಿ ಗೊತ್ತಾಗಿವೆ. ಬಳ್ಳಾರಿ-ಹೊಸಪೇಟೆ ರಸ್ತೆಯಲ್ಲಿ ಕುಡತಿನಿ ಹತ್ತಿರ ಒಂದಿದೆ. ಹಂಪಿ ಪಕ್ಕದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅಂತ ಜನ ಹೇಳುತ್ತಾರೆ. ಬ್ರಿಟಿಷರ ಕಾಲದಲ್ಲಿ ಇದು ಜ್ವಾಲಾಮುಖಿಯ ಬೂದಿ ಅಂದವರೂ ಇದ್ದರು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಮಾತ್ರ ಇದು ಸುಟ್ಟ ಸಗಣಿ ಅಂದರು. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ಮಧ್ಯೆ ದನದ ಗೊರಸಿನ ಗುರುತುಗಳೇ ಸಿಕ್ಕಿದವು, ಬೇಲಿಯ ಕಂಬ ನೆಟ್ಟ ಗುಳಿಗಳೂ ಸಿಕ್ಕಿದವು. ಅಲ್ಲಿಗೆ ವಾದ ಹೆಚ್ಚುಕಡಿಮೆ ಮುಗಿಯಿತು. ಅವು ದನ ಕೂಡುತ್ತಿದ್ದ ದೊಡ್ಡಿಗಳು. ವರ್ಷಾನುಗಟ್ಟಲೆ ಸಗಣಿ ಸೇರಿಸಿ ಆಗಾಗ ಬೆಂಕಿ ಕೊಟ್ಟಿದ್ದಾರೆ. ನೀವು ನೋಡಿದ ತೂತಿನ ಉಂಡೆಗಳು ಶಾಖ ಜಾಸ್ತಿಯಾಗಿ ಸಗಣಿಯೊಳಗಿನ ಸಿಲಿಕಾ ಕರಗಿ ಗಟ್ಟಿಯಾದವು. ಬೇಕಂತಲೇ ಯಾಕೆ ಸುಟ್ಟರು, ಹಬ್ಬಕ್ಕೋ, ದನದ ರೋಗ ಹೋಗಲಿ ಅಂತಲೋ, ಈಗಲೂ ಚರ್ಚೆ ನಡೆಯುತ್ತಿದೆ.

ಕಾಲ ಹೇಳಬೇಕು ಅಂದರೆ ಕ್ರಿ.ಪೂ. 3000ದಿಂದ 1200ರ ನಡುವೆ. ಅಂದರೆ ನಿಮ್ಮ ಹೊಲದಲ್ಲಿ ಕಡಿಮೆ ಅಂದರೂ ಮೂರು ಸಾವಿರ ವರ್ಷದ ಹಿಂದೆ ದನ ಸಾಕಿ ಬದುಕಿದವರು ಇದ್ದರು. ನಿಮ್ಮದೇ ತಾಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ನಾಗರಾಜರಾವ್ ಅವರು ಅಗೆದು ಇದೇ ಕಾಲದ ಊರನ್ನು ತೆಗೆದಿದ್ದಾರೆ. ಸುರಪುರ ತಾಲೂಕಿನ ಬೂದಿಹಾಳದಲ್ಲಿ ಪದ್ದಯ್ಯ ಅವರು ಅಗೆದಾಗ ದೊಡ್ಡಿಯ ಪಕ್ಕದಲ್ಲೇ ಮನೆಗಳು, ದನ ಕೊಯ್ದ ಜಾಗ ಎಲ್ಲ ಸಿಕ್ಕಿವೆ. ಅದಕ್ಕೇ ಹೇಳೋದು, ಬೂದಿ ಮಾತ್ರ ಮುಖ್ಯ ಅಂದುಕೊಳ್ಳಬೇಡಿ. ಅದರ ಸುತ್ತಲಿನ ಕೆಂಪು ಮಣ್ಣಿನಲ್ಲೇ ಅವರ ಮನೆ ಇರಬಹುದು.

ಈಗ ಮಾಡಬೇಕಾದದ್ದು. ಹೊಂಡದ ಗೋಡೆ ಈಗ ಕತ್ತರಿಸಿ ಇಟ್ಟ ಹಾಗೆ ಇರುತ್ತದೆ, ಪದರ ಪದರವಾಗಿ ಕಾಣುತ್ತದೆ. ಅದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಗೋಡೆಗೆ ನೇರ ನಿಂತು ಫೋಟೋ ತೆಗೆಯಿರಿ. ಅಳತೆ ತಿಳಿಯಲು ಟೇಪು ಹಿಡಿದುಕೊಂಡು ತೆಗೆದರೆ ಒಳ್ಳೆಯದು. ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಮೇಲಿನಿಂದ ಎಷ್ಟು ಅಡಿಗೆ ಬೂದಿ ಶುರು, ಎಷ್ಟಕ್ಕೆ ಮುಗಿಯುತ್ತದೆ, ಸರ್ವೆ ನಂಬರ್ ಎಷ್ಟು, ಯಾವ ಮೂಲೆ, ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಈಗಾಗಲೇ ಹೊರಗೆ ಬಂದಿರುವ ಕೊಡಲಿ, ಮೂಳೆ, ಮಡಕೆ ಚೂರನ್ನು ತೊಳೆಯಬೇಡಿ. ಯಾವ ರಾಶಿಯಲ್ಲಿ ಸಿಕ್ಕಿತು ಅಂತ ಚೀಟಿ ಬರೆದು ಬೇರೆ ಬೇರೆ ಚೀಲದಲ್ಲಿ ಇಡಿ. ಗೋಡೆಯಲ್ಲಿ ಸಿಕ್ಕಿಕೊಂಡಿರೋದನ್ನು ಮಾತ್ರ ಕೀಳಬೇಡಿ. ಎಲ್ಲಿತ್ತು ಅಂತ ಗೊತ್ತಿಲ್ಲದ ಕೊಡಲಿ ಸುಮ್ನೆ ಒಂದು ಕಲ್ಲು, ಅಷ್ಟೇ.

ಇನ್ನೊಂದು. ಹೊಲದ ಬೇರೆ ಕಡೆಯೂ ಮಡಕೆ ಚೂರು ಸಿಗುತ್ತಾ ನೋಡಿ. ಎಲ್ಲೆಡೆ ತೆಳ್ಳಗೆ ಚೆದುರಿದ್ದರೆ ಅದು ಹಿಂದಿನವರು ಹಾಳೂರ ದಿಬ್ಬದ ಮಣ್ಣನ್ನೋ ತಿಪ್ಪೆ ಗೊಬ್ಬರವನ್ನೋ ಬಂಡಿಯಲ್ಲಿ ತಂದು ಹಾಕಿದಾಗ ಬಂದದ್ದಿರಬಹುದು. ಒಂದೇ ಕಡೆ ಒತ್ತೊತ್ತಾಗಿ, ದೊಡ್ಡ ಚೂರು, ಜೊತೆಗೆ ಬೀಸುವ ಕಲ್ಲು, ಮೂಳೆ ಇದ್ದರೆ ಅಲ್ಲೇ ಜನ ಇದ್ದರು ಅಂತ ಅರ್ಥ. ನಮ್ಮಂಥ ಹೊರಗಿನವರು ಹೊಲ ಸುತ್ತಿ ತಲೆ ಕೆಡಿಸಿಕೊಳ್ಳುವ ಈ ವ್ಯತ್ಯಾಸವನ್ನು ಉಳುವವರು ಒಂದು ನಿಮಿಷದಲ್ಲಿ ಹೇಳುತ್ತಾರೆ, ಯಾವ ಮಣ್ಣು ಹೊರಗಿನಿಂದ ಬಂತು ಅಂತ ಅವರಿಗೇ ಗೊತ್ತು.

ಎರೆಭೂಮಿ (ಸಿಂಧನೂರು)

ಮೇಷ್ಟ್ರು ಹೇಳಿದ್ದೆಲ್ಲ ಸರಿ. ಆದರೆ ರೈತನ ಕಡೆಯಿಂದಲೂ ಯಾರಾದರೂ ಮಾತಾಡಬೇಕಲ್ಲ.

ನಮ್ಮ ಬದುವಿನಲ್ಲಿ ಒಂದು ವೀರಗಲ್ಲು ಇತ್ತು. ಕಾಲೇಜಿನ ಹುಡುಗರು ಬಂದು ನೋಡಿ ಖುಷಿಪಟ್ಟರು, ನಾವೇ ಅರ್ಜಿ ಕೊಟ್ಟು ಸಂಬಂಧಪಟ್ಟ ಕಚೇರಿಗೆ ತಿಳಿಸಿದೆವು. ಒಬ್ಬರು ಬಂದು ಫೋಟೋ ತೆಗೆದುಕೊಂಡು ಹೋದರು. ಅಲ್ಲಿಗೆ ಮುಗಿಯಿತು. ಮತ್ತೆ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಒಂದು ಅಮಾವಾಸ್ಯೆ ರಾತ್ರಿ ನಿಧಿ ಕಳ್ಳರು ಕಲ್ಲು ಕೆಡವಿ ಬುಡದಲ್ಲಿ ಆಳುದ್ದ ಗುಂಡಿ ತೋಡಿದ್ದರು. ಕಲ್ಲು ಎರಡು ತುಂಡು. ಮೊದಲೇ ನಾವು ಊರ ಗುಡಿ ಅಂಗಳಕ್ಕೆ ತಂದು ನಿಲ್ಲಿಸಿದ್ದರೆ ಉಳಿಯುತ್ತಿತ್ತು. ಮುಟ್ಟಬೇಡಿ ಅಂದವರು ಕಾಯೋದಕ್ಕೆ ಬರಲಿಲ್ಲ.

ತುಂಗಭದ್ರಾ ಕಾಲುವೆ ನೀರು ಬಂದಾಗ ನಮ್ಮ ಕಡೆ ಭತ್ತಕ್ಕೆ ಅಂತ ಎಷ್ಟು ದಿಬ್ಬ ಸಮ ಮಾಡಿದ್ದಾರೆ ಗೊತ್ತಾ? ಆಗ ಯಾರೂ ಕೇಳಲಿಲ್ಲ. ಕಾಲುವೆ ತೋಡಿದವರನ್ನೂ ಕೇಳಲಿಲ್ಲ, ರಸ್ತೆ ಮಾಡಿದವರನ್ನೂ ಕೇಳಲಿಲ್ಲ. ಈಗ ಒಬ್ಬ ಬಡ ರೈತ ಹೊಂಡ ತೋಡಿದರೆ ಅವನ ಮೇಲೆ ಎಲ್ಲ ಭಾರ. ಸಿರುಗುಪ್ಪದವರು ಒಳ್ಳೆಯ ಮನಸ್ಸಿನಿಂದ ಕೇಳಿದ್ದಾರೆ, ಅವರಿಗೆ ನಷ್ಟ ಆಗಬಾರದು. ಅಷ್ಟೇ ನನ್ನ ಮಾತು.

ಕಪ್ಪುಕೋಟು (ರಾಯಚೂರು)

ಹೊಲ ಹೋಗುತ್ತದೆ ಅನ್ನುವ ಭಯದ ಬಗ್ಗೆ ಬರೆಯುತ್ತೇನೆ, ಯಾಕಂದರೆ ಇದೇ ಭಯದಿಂದ ಎಷ್ಟೋ ಜನ ಸಿಕ್ಕಿದ್ದನ್ನು ರಾತ್ರೋರಾತ್ರಿ ಹಳ್ಳಕ್ಕೆ ಎಸೆದಿದ್ದಾರೆ.

ಹೊಲದಲ್ಲಿ ಮಡಕೆ ಚೂರು, ಕಲ್ಲಿನ ಕೊಡಲಿ ಸಿಕ್ಕಿತು ಅಂದ ಮಾತ್ರಕ್ಕೆ ಜಮೀನು ಯಾರದೂ ಆಗುವುದಿಲ್ಲ. ಒಂದು ಜಾಗವನ್ನು ಕೇಂದ್ರ ಸರ್ಕಾರ ಸಂರಕ್ಷಿತ ಅಂತ ಮಾಡಬೇಕಾದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಮೊದಲು ಎರಡು ತಿಂಗಳ ನೋಟಿಸ್ ಹೊರಡಿಸಬೇಕು, ಆ ಅವಧಿಯಲ್ಲಿ ನೀವು ಆಕ್ಷೇಪಣೆ ಹಾಕಬಹುದು. ಹಾಗೆ ಸಂರಕ್ಷಿತ ಅಂತ ಆದ ಜಾಗದಲ್ಲಿ ಕೂಡ ಬೇಸಾಯ ನಿಷೇಧ ಇಲ್ಲ. ಕಾಯ್ದೆಯ 19ನೇ ಕಲಮಿನಲ್ಲೇ ಇದೆ, ಮೇಲಿನಿಂದ ಒಂದು ಅಡಿಗಿಂತ ಆಳಕ್ಕೆ ಅಗೆಯದಿದ್ದರೆ ಉಳುಮೆ ಮಾಡಬಹುದು ಅಂತ. ಕಟ್ಟಡ ಕಟ್ಟುವುದು, ಗಣಿ, ಕಲ್ಲು ಒಡೆಯುವುದು, ಅಗೆಯುವುದು ಇವಕ್ಕೆ ಅನುಮತಿ ಬೇಕು.

ನಮ್ಮ ರಂಟೆ ಒಂದು ಅಡಿ ಇಳಿಯೋದೇ ಇಲ್ಲ. ಟ್ರ್ಯಾಕ್ಟರಿನ ದೊಡ್ಡ ನೇಗಿಲು ಮಾತ್ರ ಅದರ ಹತ್ತಿರ ಹೋಗುತ್ತದೆ, ಕೆಲವು ಸಲ ದಾಟುತ್ತದೆ. ನೆಲೆಯನ್ನು ನಿಜವಾಗಿ ಹಾಳು ಮಾಡುವುದು ಹೊಂಡ, ಪೈಪ್‌ಲೈನ್ ಕಾಲುವೆ, ಸಮತಟ್ಟು ಮಾಡುವ ಕೆಲಸ.

ಕಷ್ಟವೂ ಇದೆ, ಅದನ್ನು ಮುಚ್ಚಿಡಬಾರದು. 2010ರ ತಿದ್ದುಪಡಿ ಆದ ಮೇಲೆ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಮನೆ ಕಟ್ಟಲು ಬಿಡುವುದಿಲ್ಲ, ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಬೇಕು. ಜನರ ಭಯ ಅಲ್ಲಿಂದ ಬಂದದ್ದು. ಆದರೆ ಅದು ಅಧಿಸೂಚನೆ ಆದ ಸ್ಮಾರಕಗಳಿಗೆ. ತಿಳಿಸಿದ ಎಲ್ಲ ಹೊಲಕ್ಕೂ ಅಲ್ಲ.

ಬೈಕಿನವನ ವಿಷಯ. ನೂರು ವರ್ಷ ದಾಟಿದ ಇಂಥ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತವೆ. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ದೇಶದ ಹೊರಗೆ ಕಳಿಸುವಂತೆಯೂ ಇಲ್ಲ. ಅವನು ಮತ್ತೆ ಬಂದರೆ ಗಾಡಿ ನಂಬರ್ ಬರೆದುಕೊಳ್ಳಿ. ಚಿನ್ನ, ಬೆಳ್ಳಿ, ನಾಣ್ಯದ ಗಡಿಗೆ ಸಿಕ್ಕರೆ ಅದಕ್ಕೆ ಬೇರೆ ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, ಬಚ್ಚಿಟ್ಟರೆ ಅಪರಾಧ. ಮತ್ತೆ ಎಷ್ಟೇ ಕುತೂಹಲ ಇದ್ದರೂ ಹುಡುಕೋಣ ಅಂತ ನೀವಾಗಿ ಅಗೆಯಬೇಡಿ. ಉತ್ಖನನಕ್ಕೆ ಲೈಸೆನ್ಸ್ ಬೇಕು, ಅದು ಹವ್ಯಾಸಿಗಳಿಗೆ ಸಿಗುವಂಥದ್ದಲ್ಲ. ಕಣ್ಣಿಗೆ ಬಿದ್ದದ್ದನ್ನು ಬರೆದಿಡಲು ಯಾರ ಅಡ್ಡಿಯೂ ಇಲ್ಲ.

ಅರ್ಜಿ ಬರೆದೇ ಕೊಡಿ. ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಒಂದು ಪ್ರತಿ, ತಹಶೀಲ್ದಾರರಿಗೆ ಒಂದು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಸಿಂಧನೂರಿನವರು ಹೇಳಿದ ಹಾಗೆ ನಾಳೆ ಯಾರೂ ಬರದೇ ಹೋದರೆ ನಾವು ತಿಳಿಸಿದ್ದೆವು ಅನ್ನುವುದಕ್ಕೆ ಕಾಗದ ಇರಬೇಕು.

ಕೊರಲೆ_ಬೆಳೆ (ತುಮಕೂರು)

ನಾನು ಕೃಷಿ ಓದಿದವಳು, ಈಗ ಊರಲ್ಲೇ ಸಿರಿಧಾನ್ಯ ಬೆಳೆಯುತ್ತೇವೆ. ನಿಮ್ಮ ತಮ್ಮನವರಿಗೆ ಒಂದು ಮಾತು ಹೇಳಿ.

ಬೂದಿ ಗೊಬ್ಬರ ಅನ್ನುವುದು ನಿಜ, ಆದರೆ ಈ ಬೂದಿಯಲ್ಲಿ ಏನಿದೆ? ಸಗಣಿಯ ಸಾರಜನಕ ಸುಟ್ಟಾಗಲೇ ಹೋಗಿದೆ. ಉಳಿದದ್ದು ಬಹುಪಾಲು ಸಿಲಿಕಾ, ಸುಣ್ಣದ ಅಂಶ, ಸ್ವಲ್ಪ ರಂಜಕ. ನೀರಲ್ಲಿ ಕರಗುವ ಪೊಟ್ಯಾಷ್ ಇಷ್ಟು ಸಾವಿರ ವರ್ಷದ ಮಳೆಗೆ ಎಷ್ಟು ಉಳಿದಿರುತ್ತೆ ಹೇಳಿ. ಮಣ್ಣೇ ಕ್ಷಾರವಾಗಿರುವ ಕಡೆ ಇದನ್ನು ಹಾಕಿದರೆ ಉಪಕಾರಕ್ಕಿಂತ ತೊಂದರೆ ಜಾಸ್ತಿ. ಅನುಮಾನ ಇದ್ದರೆ ಒಂದು ಮುಷ್ಟಿ ಬೂದಿ, ಹೊಲದ ಮಣ್ಣು ಎರಡನ್ನೂ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ, ಆಮೇಲೆ ಮಾತಾಡಿ. ಅದೇ ಖರ್ಚಿನಲ್ಲಿ ಎರಡು ಲೋಡು ಕೊಟ್ಟಿಗೆ ಗೊಬ್ಬರ ಹಾಕಿಸಿದರೆ ಬೆಳೆಗೆ ಅದೇ ಮೇಲು.

ಅದೇ ಬೂದಿಯಲ್ಲಿ ರೈತರಿಗೆ ಸಂಬಂಧಪಟ್ಟ ಬೇರೆ ಸಂಗತಿ ಇದೆ. ಪುರಾತತ್ವದವರು ಇಂಥ ನೆಲೆಗಳ ಮಣ್ಣನ್ನು ನೀರಿಗೆ ಹಾಕುತ್ತಾರೆ. ಕರಕಲಾದ ಕಾಳುಗಳು ಮೇಲೆ ತೇಲುತ್ತವೆ, ಅದನ್ನು ಸಣ್ಣ ಜರಡಿಯಲ್ಲಿ ಹಿಡಿದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮುಂತಾದವರು ಸಂಗನಕಲ್ಲು, ತೆಕ್ಕಲಕೋಟೆ, ಹಳ್ಳೂರು ಮೊದಲಾದ ಕಡೆ ಹೀಗೆ ಮಾಡಿದಾಗ ಮುಖ್ಯವಾಗಿ ಸಿಕ್ಕಿದ್ದು ಕೊರಲೆ ಎಂಬ ಸಿರಿಧಾನ್ಯ, ನವಣೆ ಜಾತಿಯ ಇನ್ನೊಂದು ಧಾನ್ಯ, ಹುರುಳಿ, ಹೆಸರುಕಾಳು. ರಾಗಿಯೂ ಜೋಳವೂ ಆಮೇಲೆ ಆಫ್ರಿಕಾದಿಂದ ಬಂದವು. ನಮ್ಮ ಒಣ ಬೇಸಾಯದ ಅತಿ ಹಳೆಯ ಬೆಳೆ ಕೊರಲೆ, ಹುರುಳಿ. ತುಮಕೂರು, ಚಿತ್ರದುರ್ಗದ ಕಡೆ ಕೆಲವರು ಬಿಡದೆ ಬಿತ್ತುತ್ತಾ ಬಂದದ್ದರಿಂದ ಕೊರಲೆ ಇಂದಿಗೂ ಉಳಿದಿದೆ.

ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ರಾಜರ ಹೆಸರು ಶಾಸನದಲ್ಲಿ ಇದೆ. ಮಳೆ ಕಡಿಮೆ ಬೀಳುವ ಈ ನೆಲದಲ್ಲಿ ಯಾವ ಕಾಳು ಬಿತ್ತಬೇಕು, ಯಾವುದರ ಜೊತೆ ಯಾವುದನ್ನು ಬಿತ್ತಬೇಕು ಅಂತ ಕಂಡುಕೊಂಡವರ ಬಗ್ಗೆ ಬೇರೆ ಎಲ್ಲೂ ಬರೆದಿಲ್ಲ, ಈ ಬೂದಿಯಲ್ಲಿ, ಅದರ ಪಕ್ಕದ ಮಣ್ಣಿನಲ್ಲಿ ಮಾತ್ರ ಇದೆ. ಒಂದು ಟ್ರ್ಯಾಕ್ಟರ್ ಲೋಡು ಹರಡಿದರೆ ಅದು ಹೋಯಿತು.

ನಾರ್ವಿಚ್_ಕನ್ನಡಿಗ (ಇಂಗ್ಲೆಂಡ್)

ನಾನಿರುವ ಕಡೆಯ ಎರಡು ಘಟನೆ ಹೇಳುತ್ತೇನೆ, ಎರಡೂ ಹೊಲದಲ್ಲೇ ನಡೆದದ್ದು.

1942ರ ಚಳಿಗಾಲದಲ್ಲಿ ಸಫೋಕ್‌ನ ಮಿಲ್ಡನ್‌ಹಾಲ್ ಹತ್ತಿರ ಸಕ್ಕರೆ ಬೀಟ್ ಬೆಳೆಗಾಗಿ ಒಬ್ಬ ಎಂದಿಗಿಂತ ಆಳವಾಗಿ ಉಳುತ್ತಿದ್ದ. ನೇಗಿಲಿಗೆ ರೋಮನ್ ಕಾಲದ ಬೆಳ್ಳಿ ತಟ್ಟೆಗಳು ತಗುಲಿದವು. ಅವನು ತನ್ನ ಧಣಿಗೆ ಹೇಳಿದ. ಧಣಿ ಅವನ್ನು ಮನೆಗೆ ಒಯ್ದು, ತಿಕ್ಕಿ ಹೊಳಪು ಕೊಟ್ಟು ಮನೆಯಲ್ಲೇ ಇಟ್ಟುಕೊಂಡ. 1946ರಲ್ಲಿ ಹೊರಗೆ ಗೊತ್ತಾಯಿತು. ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ, ಆದರೆ ನೆಲದಲ್ಲಿ ಹೇಗೆ ಇಟ್ಟಿದ್ದರು, ಜೊತೆಗೆ ಏನಿತ್ತು ಅನ್ನುವುದು ಯಾರಿಗೂ ತಿಳಿಯದೆ ಹೋಯಿತು.

ಇನ್ನೊಂದು 1992ರಲ್ಲಿ, ಅದೇ ಸಫೋಕ್‌ನ ಹಾಕ್ಸ್‌ನ್ ಹಳ್ಳಿ. ಗೇಣಿ ರೈತನ ಸುತ್ತಿಗೆ ಹೊಲದಲ್ಲಿ ಕಳೆದಿತ್ತು. ಲೋಹ ಹುಡುಕುವ ಯಂತ್ರ ಇದ್ದ ಸ್ನೇಹಿತನನ್ನು ಕರೆದ. ಸುತ್ತಿಗೆ ಹುಡುಕುವಾಗ ಚಿನ್ನ, ಬೆಳ್ಳಿ ಕಂಡಿತು. ಅವರು ಸ್ವಲ್ಪ ತೆಗೆದವರು ಅಲ್ಲಿಗೇ ನಿಲ್ಲಿಸಿ ತಿಳಿಸಿದರು. ಮಾರನೇ ದಿನ ಪುರಾತತ್ವದವರು ಬಂದು ನಿಧಾನವಾಗಿ ತೆಗೆದರು. ಸುಮಾರು 15 ಸಾವಿರ ರೋಮನ್ ನಾಣ್ಯ, ಆಭರಣ, ಚಮಚಗಳು. ಮರದ ಪೆಟ್ಟಿಗೆ ಕೊಳೆತು ಹೋಗಿದ್ದರೂ ಒಳಗೆ ಯಾವುದನ್ನು ಯಾವ ಮೂಲೆಯಲ್ಲಿ ಜೋಡಿಸಿದ್ದರು ಅಂತ ಕೂಡ ತಿಳಿಯಿತು. ಸರ್ಕಾರ 17.5 ಲಕ್ಷ ಪೌಂಡ್ ಬಹುಮಾನ ಕೊಟ್ಟಿತು, ಕಂಡವನು ಅದನ್ನು ರೈತನ ಜೊತೆ ಹಂಚಿಕೊಂಡ. ಆ ಸುತ್ತಿಗೆಯನ್ನೂ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ.

ಇಲ್ಲಿ 1997ರಿಂದ ಒಂದು ವ್ಯವಸ್ಥೆ ಇದೆ, ಜಿಲ್ಲೆ ಜಿಲ್ಲೆಗೆ ಒಬ್ಬ ಅಧಿಕಾರಿ ಇರುತ್ತಾರೆ, ಹೊಲದಲ್ಲಿ ಸಿಕ್ಕ ಅಂಗಿ ಗುಂಡಿಯಂಥ ಸಣ್ಣ ವಸ್ತುವನ್ನು ಒಯ್ದು ತೋರಿಸಿದರೂ ನೋಡಿ, ಬರೆದುಕೊಂಡು ವಾಪಸ್ ಕೊಡುತ್ತಾರೆ. ನಿಧಿ ಅಂತ ತೀರ್ಮಾನವಾದದ್ದಕ್ಕೆ ಮಾತ್ರ ಬೇರೆ ನಿಯಮ. ಜನ ಹೆದರದೆ ಬರುವುದು ಆ ವಾಪಸ್ ಕೊಡುವ ನಂಬಿಕೆಯಿಂದ. ನಮ್ಮಲ್ಲಿ ಲೋಹ ಹುಡುಕುವ ಯಂತ್ರ ತರಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ, ನಮ್ಮ ಕಾನೂನು ಬೇರೆ, ನಿಧಿ ಹುಚ್ಚು ಬೇರೆ. ಆದರೆ ಹೊಲಕ್ಕೆ ಬಂದು ನೋಡಿ, ಬರೆದುಕೊಂಡು, ರೈತನಿಗೆ ಒಂದು ಕಾಗದ ಕೊಟ್ಟು ಹೋಗುವ ಒಬ್ಬ ಮನುಷ್ಯ ತಾಲೂಕಿಗೆ ಬೇಕೇ ಬೇಕು.

ಗುಡ್ಡ_ಸುತ್ತಾಟ (ಹೊಸಪೇಟೆ)

ಸಿಂಧನೂರಿನ ಅಣ್ಣಾವ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ವೀರಗಲ್ಲು ಊರ ಗುಡಿಗೆ ತರುವ ವಿಷಯದಲ್ಲಿ ನಾನು ನಿಮ್ಮ ಕಡೆ. ಕಳ್ಳರ ಭಯ ಇರುವಾಗ ಮೊದಲು ನಿಂತ ಜಾಗದ ಫೋಟೋ, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿತ್ತು, ಸರ್ವೆ ನಂಬರ್ ಎಲ್ಲ ಬರೆದು, ಪಂಚಾಯಿತಿಗೆ ಬರೆದು ಕೊಟ್ಟು, ಊರಿನವರ ಎದುರಿಗೇ ಸ್ಥಳಾಂತರ ಮಾಡುವುದು ಒಳ್ಳೆಯದು. ಆದರೆ ಬೂದಿ ದಿಬ್ಬವನ್ನು ಹಾಗೆ ಎತ್ತಿ ಗುಡಿಗೆ ತರಲು ಆಗುವುದಿಲ್ಲ, ಅದು ಇರುವಲ್ಲೇ ಉಳಿಯಬೇಕು.

ಕಾಲುವೆ ವಿಷಯವೂ ನಿಜ. ಹುಣಸಗಿ ಕಡೆ ಕೃಷ್ಣಾ ನೀರಾವರಿ ಬಂದ ಮೇಲೆ ಹೊಲ ಸಮ ಮಾಡಿದ್ದರಿಂದ ಹಳೆ ಶಿಲಾಯುಗದ ಎಷ್ಟೋ ನೆಲೆಗಳು ಹೋಗಿವೆ. ಅದೇ ನೀರಾವರಿ ಕೆಲಸಕ್ಕೆ ಮಣ್ಣು ತೆಗೆದಾಗಲೇ ಇಸಾಂಪುರದ ನೆಲೆ ಬೆಳಕಿಗೆ ಬಂತು, ಸುಮಾರು 12 ಲಕ್ಷ ವರ್ಷದ ಹಿಂದೆ ಕಲ್ಲಿನ ಆಯುಧ ಮಾಡಿದ ಜಾಗ. ಅಗೆತ ಹಾಳೂ ಮಾಡುತ್ತದೆ, ತೋರಿಸಿಯೂ ಕೊಡುತ್ತದೆ. ಆ ಹೊತ್ತಿಗೆ ಪಕ್ಕದಲ್ಲಿ ನೋಡುವ ಕಣ್ಣು ಇತ್ತಾ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮತ್ತೆ ಕಂಡವರೆಲ್ಲ ಪುರಾತತ್ವ ಓದಿದವರೇನೂ ಅಲ್ಲ. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಕಂಡದ್ದು ಚಿನ್ನದ ಗಣಿ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್. ಅಲ್ಲಿಯವರೆಗೆ ದೇವಾನಾಂಪ್ರಿಯ ಅಂತಲೇ ಓದುತ್ತಿದ್ದ ರಾಜ ಅಶೋಕನೇ ಅಂತ ಆ ಬಂಡೆಯಿಂದ ಗಟ್ಟಿಯಾಯಿತು. ಸುರಪುರದ ಕಡೆ ಕಲ್ಲು ಸಮಾಧಿಗಳನ್ನು ಮೊದಲು ಬರೆದಿಟ್ಟವರು ಬ್ರಿಟಿಷ್ ಆಡಳಿತಗಾರ ಮೆಡೋಸ್ ಟೇಲರ್. ಅವರು ಕುದುರೆ ಏರಿ ಬಂದು ಹೋದವರು. ದಿನಾ ಅದೇ ಹೊಲದಲ್ಲಿ ನಡೆಯುವವರು ಬರೆದಿಡೋದಕ್ಕೆ ಶುರು ಮಾಡಿದರೆ ಅದಕ್ಕೆ ಸಮ ಯಾವುದೂ ಇಲ್ಲ.

ಸಿರುಗುಪ್ಪದ ಅಣ್ಣ, ನಿಮ್ಮ ಕೊಡಲಿ ಏನು ಅಂತ ನೋಡಬೇಕಾದರೆ ಒಂದು ಸಲ ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ಹೋಗಿ, ತಮ್ಮನವರನ್ನೂ ಕರೆದುಕೊಂಡು ಹೋಗಿ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕಪ್ಪು ಡೊಲೆರೈಟ್ ಕಲ್ಲಿನಿಂದ ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತು. ಒಡೆದು ಆಕಾರ ಕೊಟ್ಟು, ಬಂಡೆಯ ಮೇಲೆ ಉಜ್ಜಿ ಬಾಯಿ ಮಾಡುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ಕುಳಿಗಳು ಈಗಲೂ ಕಾಣುತ್ತವೆ. ನಿಮ್ಮ ಗುಡ್ಡದ ಬಂಡೆಗಳ ಮೇಲೂ ಅಂಥ ಕುಳಿ, ಗೂಳಿಯ ಚಿತ್ರ ಇದೆಯಾ ನೋಡಿ. ದನ ಕಾಯುವ ಹುಡುಗರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ಮಸಾರಿ_ಹೊಲ (ಸಿರುಗುಪ್ಪ ತಾಲೂಕು)

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಜನ ಬರೀತೀರಿ ಅಂದುಕೊಂಡಿರಲಿಲ್ಲ.

ತಮ್ಮನಿಗೆ ತುಮಕೂರಿನ ಅಕ್ಕ ಬರೆದದ್ದನ್ನು ಓದಿಸಿದೆ. ಬೇರೆ ಯಾರ ಮಾತೂ ತಾಗಲಿಲ್ಲ, ಸಾರಜನಕ ಇಲ್ಲ ಅಂದದ್ದು ತಾಗಿತು. ಮಣ್ಣು ಪರೀಕ್ಷೆಗೆ ಅವನೇ ಕೊಡ್ತಾನಂತೆ. ಲೋಡು ಕೊಡೋದಿಲ್ಲ ಅಂತ ಪಕ್ಕದವರಿಗೆ ಹೇಳಿದ್ದೇವೆ.

ಹೊಂಡವನ್ನು ಹಳ್ಳದ ಕಡೆಯ ಮೂಲೆಗೆ ಬದಲಾಯಿಸೋಣ ಅಂತ ಇದ್ದೇವೆ. ಅಲ್ಲಿ ಬಾವಿ ತೋಡಿದಾಗ ಬರೀ ಗರಸು ಬಂದಿತ್ತು, ಬೂದಿ ಇರಲಿಲ್ಲ ಅಂತ ಅಪ್ಪ ಹೇಳ್ತಾರೆ. ಸ್ಕೀಮಿನ ಅರ್ಜಿಯಲ್ಲಿ ಜಾಗ ಬದಲಾಯಿಸಬಹುದಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬೇಕು. ಅರ್ಧ ತೋಡಿದ್ದಕ್ಕೆ ಜೆಸಿಬಿ ಬಾಡಿಗೆ ದಂಡವಾಯಿತು, ಅದು ಇರಲಿ. ಒಂದೇ ಅನುಮಾನ, ಮಳೆ ಬಂದರೆ ಈ ಗುಂಡಿಯ ಗೋಡೆ ಕುಸಿಯುತ್ತದೆ. ಅಷ್ಟರೊಳಗೆ ಯಾರೂ ಬರದಿದ್ದರೆ?

ಗುಡ್ಡ_ಸುತ್ತಾಟ (ಹೊಸಪೇಟೆ)

ಗೋಡೆಗೆ ಹಳೆ ಗೊಬ್ಬರದ ಚೀಲಗಳನ್ನು ಒರಗಿಸಿ, ಮೇಲೆ ತಾಡಪಾಲು ಹಾಸಿ, ಅದೇ ಗುಂಡಿಯಿಂದ ತೆಗೆದ ಮಣ್ಣನ್ನು ಮೆತ್ತಗೆ ವಾಪಸ್ ತುಂಬಿ. ಚೀಲ ಇರುವುದರಿಂದ ಮುಂದೆ ಅಗೆಯುವವರಿಗೆ ಹಳೆಯ ಪದರ ಎಲ್ಲಿ, ನೀವು ತುಂಬಿದ್ದು ಎಲ್ಲಿ ಅಂತ ತಿಳಿಯುತ್ತದೆ. ಮುಚ್ಚುವ ಮುಂಚೆ ನಾಲ್ಕೂ ಗೋಡೆಯ ಫೋಟೋ ಇರಲೇಬೇಕು. ಮೇಲೆ ಆಳಕ್ಕೆ ಬೇರು ಇಳಿಯುವ ಗಿಡ ನೆಡಬೇಡಿ, ನವಣೆ, ಹುರುಳಿ ಏನಾದರೂ ಬಿತ್ತಿ.

ಹಂಪಿ ಕನ್ನಡ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗಕ್ಕೂ ಒಂದು ಪ್ರತಿ ಕಳಿಸಿ. ಈ ಭಾನುವಾರ ನಾನೇ ಬರುತ್ತೇನೆ, ಫೋಟೋ ತೆಗೆಯಲು ಸಹಾಯ ಮಾಡುತ್ತೇನೆ, ಮೆಸೇಜ್ ಹಾಕಿದ್ದೇನೆ ನೋಡಿ.

ತೋಟದಮನೆ (ಶಿಕಾರಿಪುರ)

ಇಲ್ಲೇ ಕೇಳಿಬಿಡುತ್ತೇನೆ, ಕ್ಷಮಿಸಿ. ನಮ್ಮ ಅಡಿಕೆ ತೋಟದ ಬದುವಿನಲ್ಲಿ ಲಿಂಗದ ಚಿತ್ರ ಕೆತ್ತಿದ ಸಣ್ಣ ಕಲ್ಲು ಇದೆ, ಅಕ್ಷರ ಇಲ್ಲ. ಕೆಳಗೆ ನಿಧಿ ಇದೆ ಅಂತ ಯಾರೋ ಹಬ್ಬಿಸಿ ರಾತ್ರಿ ಬಂದು ಅಗೆಯೋದಕ್ಕೆ ನೋಡಿದ್ದರು. ಬೇಲಿ ಹಾಕುವಾಗ ಅಡ್ಡ ಬರ್ತಿದೆ, ಪಕ್ಕಕ್ಕೆ ಸರಿಸಬಹುದಾ?

ಗುಡ್ಡ_ಸುತ್ತಾಟ (ಹೊಸಪೇಟೆ)

ಸರಿಸಬೇಡಿ ಅಕ್ಕಾ. ಅದು ಲಿಂಗಮುದ್ರೆ ಕಲ್ಲು. ಶಿವ ದೇವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆಗೆ ನೆಟ್ಟದ್ದು. ವಿಷ್ಣು ದೇವಾಲಯದ ಭೂಮಿಗೆ ವಾಮನನನ್ನು ಕೆತ್ತಿದ ಕಲ್ಲು ಇರುತ್ತದೆ. ಕೆಳಗೆ ನಿಧಿ ಇರುವುದಿಲ್ಲ, ಊರಿನವರಿಗೆ ಇದನ್ನು ಗಟ್ಟಿಯಾಗಿ ಹೇಳಿ. ಇಂಥ ಕಲ್ಲು ನಿಂತ ಜಾಗದಲ್ಲಿ ನಿಂತಿದ್ದರೆ ಮಾತ್ರ ಏನಾದರೂ ಹೇಳುತ್ತದೆ, ಒಂದು ಮಾರು ಸರಿಸಿದರೂ ಎಲ್ಲೆ ತಪ್ಪುತ್ತದೆ.

ನಿಮ್ಮ ತಾಲೂಕಿನಲ್ಲಿ ಬಳ್ಳಿಗಾವಿ ಸುತ್ತ ದಾನ ಶಾಸನಗಳು ತುಂಬಾ ಇವೆ. ಎಷ್ಟು ಗದ್ದೆ, ಎಷ್ಟು ಬೆದ್ದಲು, ಪೂರ್ವಕ್ಕೆ ಯಾವ ಕೆರೆ, ದಕ್ಷಿಣಕ್ಕೆ ಯಾವ ಹಳ್ಳ ಅಂತ ಅದರಲ್ಲಿ ಬರೆದಿರುತ್ತಾರೆ. ಶಾಸನ ತಜ್ಞ ಬಿ.ಎಲ್. ರೈಸ್ ಅವರು ಬಹಳಷ್ಟನ್ನು ನೂರು ವರ್ಷಕ್ಕೂ ಹಿಂದೆಯೇ ಓದಿ ಅಚ್ಚು ಹಾಕಿಸಿದ್ದಾರೆ, ಆ ಪುಸ್ತಕದಲ್ಲಿ ನಿಮ್ಮ ಊರಿನ ಹೆಸರಿನ ಕೆಳಗೆ ಹುಡುಕಿ. ಊರ ಹಳೆಯ ಈಶ್ವರ ಗುಡಿಯಲ್ಲಿ ಶಾಸನ ಇದ್ದರೆ ಅದರಲ್ಲಿ ಹೇಳಿದ ಭೂಮಿಯೇ ನಿಮ್ಮ ತೋಟ ಇರಬಹುದು. ಕಂಬವನ್ನು ಕಲ್ಲಿನ ಎರಡೂ ಪಕ್ಕಕ್ಕೆ ಬಿಟ್ಟು ನೆಡಿಸಿ, ಸಂಜೆ ಓರೆ ಬಿಸಿಲಿನಲ್ಲಿ ಫೋಟೋ ತೆಗೆದು ಇಲ್ಲಿ ಹಾಕಿ. ಬದುವಿನ ಇನ್ನುಳಿದ ಮೂಲೆಗಳಲ್ಲೂ ನೋಡಿ, ಅದರ ಜೊತೆಯ ಕಲ್ಲುಗಳು ಇದ್ದರೆ ಅವುಗಳ ಫೋಟೋ ಕೂಡ ಬೇಕು.